ಕುದುರೆ ಬಣ್ಣಕ್ಕೆ ಬರೀ ಕಾಲು ಸುಟ್ಟು ನೋಡಿ

ಮಾಲೂರು ಕಡೆಯವರಿಗೆ ಮಣ್ಣಿನ ಬಗ್ಗೆ ಹೇಳೋದೇ ಬೇಡ. ಹೆಂಚು, ಇಟ್ಟಿಗೆಗೆ ಹೆಸರಾದ ಊರು. ನಾನು ಕುದುರೆ ಮಾಡೋದೂ ಇಲ್ಲಿನ ಕೆಂಪು ಮಣ್ಣಿನಲ್ಲೇ, ಅಂಗೈ ಮೇಲೆ ನಿಲ್ಲುವಷ್ಟು ಚಿಕ್ಕವು. ಗಡಿ ದಾಟಿ ತಮಿಳುನಾಡಿಗೆ ಹೋದರೆ ಊರು ಕಾಯೋ ದೇವರು ಅಯ್ಯನಾರ್ ಗುಡಿಗಳ ಮುಂದೆ ಆಳೆತ್ತರದ ಮಣ್ಣಿನ ಕುದುರೆಗಳು ನಿಂತಿರುತ್ತವೆ, ಅವುಗಳ ಮುಂದೆ ನನ್ನವು ಆಟಿಕೆ. ಇರಲಿ. ನನಗೆ ಬೇಕಿರೋದು ನಿಜವಾದ ಕುದುರೆಯ ಮೈಬಣ್ಣ, ಅದೂ ಪೇಂಟ್ ಹೊಡೆದಲ್ಲ, ಬಣ್ಣದ ಸ್ಲಿಪ್ (ನೀರಲ್ಲಿ ಕಲಸಿದ ತೆಳು ಮಣ್ಣಿನ ಲೇಪ) ಬಳಿದು ಮಣ್ಣಿನ ಜೊತೆಗೇ ಸುಟ್ಟು.

ಈ ವಿಷಯಕ್ಕೆ ಬಂದವರೆಲ್ಲ ಮೊದಲು ಕೇಳೋದು ಒಂದೇ: ಬಣ್ಣ ಎಷ್ಟು ಪರ್ಸೆಂಟ್ ಹಾಕಬೇಕು? ಸ್ಟೇನ್ (ಸುಟ್ಟರೂ ನಿಲ್ಲುವ ಸಿದ್ಧ ಬಣ್ಣದ ಪುಡಿ) ಆದರೆ ತೂಕದಲ್ಲಿ 100 ಭಾಗ ಒಣ ಮಣ್ಣಿಗೆ ಸುಮಾರು 10 ಭಾಗದಿಂದ ಶುರು ಮಾಡಿ, ನೀಲಿ ಬರಿಸುವ ಕೋಬಾಲ್ಟ್ ಆದರೆ 1 ಭಾಗವೇ ಎದ್ದು ಕಾಣುತ್ತೆ. ಆದರೆ ನನ್ನ ಪ್ರಕಾರ ಪರ್ಸೆಂಟ್‌ಗಿಂತ ದಪ್ಪವೇ ಮುಖ್ಯ. ಒಂದೇ ಡಬ್ಬಿಯ ಕಪ್ಪು ಸ್ಲಿಪ್ ಅನ್ನು ಒಂದು ಕೈ ಬಳಿದರೆ ಕೆಳಗಿನ ಕೆಂಪು ಇಣುಕಿ ಕಾಫಿ ಬಣ್ಣ ಬರುತ್ತೆ. ಮೂರು ಕೈ ಬಳಿದರೆ ಕಪ್ಪು. ಇನ್ನೂ ಬಳಿದರೆ ಮೊಣಕಾಲಿನ ಮಡಿಕೆಯಲ್ಲಿ ಬಿರುಕು ಬಿಟ್ಟು ಚಕ್ಕೆ ಏಳುತ್ತೆ.

ಅದಕ್ಕೇ ನಾನು ಚಪ್ಪಟೆ ಬಿಲ್ಲೆಗಳ ಮೇಲೆ ಪರೀಕ್ಷೆ ಮಾಡೋದು ಬಿಟ್ಟಿದ್ದೇನೆ. ಬಿಲ್ಲೆ ಮೇಲೆ ಯಾವ ಬಣ್ಣವಾದರೂ ಚೆನ್ನಾಗೇ ಕಾಣುತ್ತೆ. ಕುದುರೆಯಲ್ಲಿ ಚಪ್ಪಟೆ ಜಾಗ ಎಲ್ಲಿದೆ ಹೇಳಿ? ಕಾಲಿನ ಉಬ್ಬಿನ ಮೇಲೆ ಸ್ಲಿಪ್ ಜಾರಿ ತೆಳುವಾಗುತ್ತೆ, ಗೊರಸಿನ ಹತ್ತಿರ ಇಳಿದು ದಪ್ಪವಾಗುತ್ತೆ, ಜೂಲಿನ ಗೀರುಗಳಲ್ಲಿ ತುಂಬಿಕೊಳ್ಳುತ್ತೆ. ಹಾಗಾಗಿ ಬರೀ ಕಾಲುಗಳನ್ನು ಮಾಡಿ, ಅಡಿಯಲ್ಲಿ ನಂಬರ್ ಕೆತ್ತಿ, ಸಾಲಾಗಿ ಹಲಗೆ ಮೇಲೆ ಒಣಗಲು ಇಡುತ್ತೇನೆ. ನಮ್ಮ ಬೀದಿಯ ಕುಂಬಾರ ತಾತ ನೋಡಿ, "ಏನಮ್ಮ, ಕುದುರೆಗಳೆಲ್ಲ ಎಲ್ಲಿ ಓಡಿಹೋದ್ವು, ಕಾಲು ಇಲ್ಲೇ ಬಿಟ್ಟು?" ಅಂದರು. ಆಮೇಲೆ ಒಂದು ಕಾಲು ಎತ್ತಿ, ಉಗುರಿನಿಂದ ಒತ್ತಿ ನೋಡಿ, "ಇನ್ನೂ ಹಸಿ ಇದೆ, ಈಗಲೇ ಬಳಿದುಬಿಡು" ಅಂದರು. ಅವರು ಹೇಳಿದ್ದೇ ಸರಿಯಾದ ಹದ. ಉಗುರಿನ ಗುರುತು ಬೀಳಬೇಕು, ಕೈಗೆ ಅಂಟಬಾರದು. ಪೂರ್ತಿ ಒಣಗಿದ ಮೇಲೆ ಬಳಿದರೆ ಮೈ ಆಗಲೇ ಕುಗ್ಗಿರುತ್ತೆ, ಮೇಲಿನ ಸ್ಲಿಪ್ ಮಾತ್ರ ಕುಗ್ಗಿ ಕಿತ್ತುಬರುತ್ತೆ.

ಇದೇ ಕಾರಣಕ್ಕೆ ಕಪ್ಪು ಸ್ಲಿಪ್‌ಗೆ ಕುದುರೆ ಮಾಡಿದ ಮಣ್ಣನ್ನೇ ಬಳಸುತ್ತೇನೆ. ಒಣಗಿಸಿ, ಕುಟ್ಟಿ, ನೆನೆಸಿ, 80 ಮೆಶ್ (ಅಂಗುಲಕ್ಕೆ 80 ಕಣ್ಣಿನ) ಜರಡಿಯಲ್ಲಿ ಸೋಸಿ, ಅದಕ್ಕೆ ಐರನ್ ಆಕ್ಸೈಡ್, ಮ್ಯಾಂಗನೀಸ್, ಚಿಟಿಕೆ ಕೋಬಾಲ್ಟ್. ಮೈ, ಸ್ಲಿಪ್ ಎರಡೂ ಹೆಚ್ಚುಕಡಿಮೆ ಒಂದೇ ಥರ ಕುಗ್ಗುತ್ತವೆ. ಗಟ್ಟಿ ಎಷ್ಟಿರಬೇಕು ಅಂತ ಕಣ್ಣಳತೆ ನಂಬಬೇಡಿ. 100 ಮಿಲಿ ಸ್ಲಿಪ್ ಅಳೆದು ತೂಗಿ. ನಾನು 140 ಗ್ರಾಂ ಹತ್ತಿರ ಇಟ್ಟುಕೊಳ್ಳುತ್ತೇನೆ, ಆಗಲೇ ಇವತ್ತಿನ ಕಾಲಿಗೂ ಮುಂದಿನ ತಿಂಗಳ ಕಾಲಿಗೂ ಹೋಲಿಸೋಕೆ ಆಗೋದು. ಮ್ಯಾಂಗನೀಸ್ ಪುಡಿ ಕಲೆಸುವಾಗ ಮಾಸ್ಕ್ ಹಾಕಲೇಬೇಕು, ಆ ಧೂಳು ಒಳ್ಳೇದಲ್ಲ. ಸುಡುವಾಗ ಹೊಗೆ ಬರೋ ಕಡೆಯೂ ನಿಲ್ಲಬೇಡಿ.

ಬಿಳಿಯದೇ ತಲೆನೋವು. ಕೆಂಪು ಮಣ್ಣಿಗೆ ಏನು ಹಾಕಿದರೂ ಬಿಳಿ ಆಗಲ್ಲ, ಹಾಗಾಗಿ ಕೆಯೋಲಿನ್ (ಬಿಳಿ ಜೇಡಿ), ಬಾಲ್ ಕ್ಲೇ (ಸುಟ್ಟರೆ ಬೆಳ್ಳಗಾಗುವ ನುಣುಪು ಅಂಟು ಜೇಡಿ) ಸೇರಿಸಿ ಬೇರೆ ಸ್ಲಿಪ್ಪೇ ಮಾಡಬೇಕು. ಬಾಲ್ ಕ್ಲೇ ಜಾಸ್ತಿಯಾದರೆ ಹೆಚ್ಚು ಕುಗ್ಗುತ್ತೆ, ಕೆಯೋಲಿನ್ ಜಾಸ್ತಿಯಾದರೆ 1000 ಡಿಗ್ರಿ ಶಾಖಕ್ಕೆ ಅಂಟೋದೇ ಇಲ್ಲ, ಸುಣ್ಣದ ಗೋಡೆ ಸವರಿದ ಹಾಗೆ ಕೈಗೆ ಪುಡಿ ಬರುತ್ತೆ. ಸ್ವಲ್ಪ ಫ್ರಿಟ್ (ಶಾಖಕ್ಕೆ ಕರಗುವ ಗಾಜಿನ ಪುಡಿ) ಬೆರೆಸಿದರೆ ಕಚ್ಚಿಕೊಳ್ಳುತ್ತೆ. ಇದರಲ್ಲೊಂದು ಲಾಭವೂ ಇದೆ. ತೆಳ್ಳಗೆ ಬಳಿದ ಬಿಳಿಯ ಅಡಿಯಿಂದ ಮಣ್ಣಿನ ಕೆಂಪು ಮೇಲೆ ಬಂದು ಮಾಸಲು ಗುಲಾಬಿಯಾಗುತ್ತೆ. ಬಿಳಿ ಕುದುರೆ ಮೂತಿಗೆ ಅದಕ್ಕಿಂತ ಒಳ್ಳೆ ಬಣ್ಣವನ್ನು ದುಡ್ಡು ಕೊಟ್ಟು ತಂದರೂ ಸಿಗಲ್ಲ.

ಕಂದು ಕುದುರೆಗೆ ಮೈಗೆ ಬಣ್ಣವೇ ಬೇಡ ನೋಡಿ! ಸುಟ್ಟ ಮಣ್ಣೇ ಸಾಕು. ಕಾಲು, ಜೂಲು, ಬಾಲಕ್ಕೆ ಕಪ್ಪು ಬಳಿದು, ಅರೆ ಒಣಗಿದ ಮೇಲೆ ಜೂಲನ್ನು ಸ್ಪಾಂಜಿನಿಂದ ಒರೆಸಿದರೆ ಗೀರುಗಳಲ್ಲಿ ಮಾತ್ರ ಕಪ್ಪು ಉಳಿಯುತ್ತೆ. ಒಂದೊಂದು ಕೂದಲೂ ಬಿಡಿಯಾಗಿ ಕಾಣುತ್ತೆ.

ಚಿನ್ನದ ಬಣ್ಣದ ಕುದುರೆ ಬೇಕಂತ ಹಳದಿ ಮಣ್ಣು ಬಳಿಯೋಕೆ ಹೋಗಬೇಡಿ, ಬೆಂಕಿಗೆ ಬಿದ್ದರೆ ಅದು ಕೆಂಪಾಗುತ್ತೆ. ಬಿಳಿ ಸ್ಲಿಪ್‌ಗೆ ಪ್ರಾಸಿಯೋಡಿಮಿಯಂ ಹಳದಿ ಸ್ಟೇನ್ ಹಾಕಿದರೆ ನಿಲ್ಲುತ್ತೆ. ಹಸಿ ಬಣ್ಣ ನೋಡಿ ಏನನ್ನೂ ತೀರ್ಮಾನಿಸೋಕಾಗಲ್ಲ, ಕೋಬಾಲ್ಟ್ ಕಾರ್ಬೊನೇಟ್ ನೇರಳೆ ಪುಡಿ, ಸುಟ್ಟರೆ ನೀಲಿ. ಮೇಲೆ ಪಾರದರ್ಶಕ ಗ್ಲೇಜ್ (ಗಾಜಿನಂಥ ಲೇಪ) ಹಾಕುವ ಯೋಚನೆ ಇದ್ದರೆ ಪ್ರತಿ ಕಾಲಿನ ಅರ್ಧಕ್ಕೆ ಗ್ಲೇಜ್ ಹಾಕಿ, ಅರ್ಧ ಹಾಗೇ ಬಿಡಿ. ಗ್ಲೇಜ್ ಬಿದ್ದ ಕಡೆ ಬಣ್ಣ ಗಾಢವಾಗುತ್ತೆ, ಬೀಳದ ಕಡೆ ಮಂಕು. ನನಗೆ ಮಂಕೇ ಇಷ್ಟ. ಹೊಳೆಯುವ ಕುದುರೆ ಸುಮ್ನೆ ಷೋಕೇಸ್ ಗೊಂಬೆ ಥರ ಕಾಣುತ್ತೆ, ಅಲ್ವಾ?

ಬೂದು ಮೈಮೇಲೆ ಬಿಳಿ ಚುಕ್ಕೆ ಇರುವ ಕುದುರೆ ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಹಸಿ ಬೂದು ಮೇಲೆ ಬಿಳಿ ತೊಟ್ಟು ಬಿಟ್ಟರೆ ಅಂಚು ಹರಡಬೇಕು, ಆದರೆ ಕಲಸಿಹೋಗಬಾರದು. ಅದಕ್ಕೆ ಕಾಲು ಸಾಲದು, ಮುಂದಿನ ಸಲ ಬರೀ ತೊಡೆಗಳನ್ನೇ ಸುಡೋದು.