ಕಾರಿಗಿಂತ ಅವರ ಜಗಳವೇ ಚೆಂದ

ನನಗೆ ಕಾರು ಓಡಿಸಲು ಬರುತ್ತದೆ, ಅಷ್ಟೇ. ಬಾನೆಟ್ ಒಳಗೆ ಏನಿದೆ ಅಂತ ಕೇಳಬೇಡಿ. ಆದರೂ ಭಾನುವಾರ ರಾತ್ರಿ ವಿಜಯನಗರದ ಮನೆಯಲ್ಲಿ, ಚಿತ್ರಾನ್ನದ ತಟ್ಟೆ ಹಿಡಿದು ಬಿಬಿಸಿಯ ಕಾರುಗಳ ಟಿವಿ ಕಾರ್ಯಕ್ರಮ ‘ಟಾಪ್ ಗೇರ್’ನ ಹಳೇ ಕಂತು ಹಾಕಿಕೊಂಡು ಕೂರುತ್ತೇನೆ. ಅದರ ನಿರೂಪಕರು ಜೆರೆಮಿ ಕ್ಲಾರ್ಕ್‌ಸನ್, ರಿಚರ್ಡ್ ಹ್ಯಾಮಂಡ್, ಜೇಮ್ಸ್ ಮೇ. ಆ ಮೂವರಿಗಾಗಿಯೇ.

2007ರ ಬೋಟ್ಸ್ವಾನಾ ಕಂತನ್ನು ಎಷ್ಟು ಸಲ ನೋಡಿದ್ದೇನೋ! ಹ್ಯಾಮಂಡ್ ತನ್ನ ಹಳೇ ಓಪೆಲ್ ಕಡೆಟ್ ಕಾರಿಗೆ ‘ಆಲಿವರ್’ ಅಂತ ಹೆಸರಿಟ್ಟುಬಿಡುತ್ತಾನೆ. ಅದು ಬಾಯಿ ತಪ್ಪಿ ಹೊರಬಿದ್ದದ್ದೇ ತಡ, ಉಳಿದಿಬ್ಬರು ಅವನ ಜೀವ ತಿನ್ನುತ್ತಾರೆ. ಮುಂದೆ ಆಲಿವರ್ ನದಿಯಲ್ಲಿ ಮುಳುಗಿದಾಗ ಹ್ಯಾಮಂಡ್ ಮುಖ ನೋಡಬೇಕು. ಪಾಪ, ರಾತ್ರಿಯೆಲ್ಲ ಕೂತು ಅದನ್ನು ರಿಪೇರಿ ಮಾಡುತ್ತಾನೆ.

ನನಗೂ ನಮ್ಮ ಭಾವನಿಗೂ ಇಂಥದ್ದೇ ಸಂಬಂಧ. ಹೋದ ಮಳೆಗಾಲದಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ನನ್ನ ಕಾರು ನಿಂತುಹೋಯಿತು. ಹಿಂದೆ ಹಾರ್ನ್ ಮೇಲೆ ಹಾರ್ನ್. ಭಾವ ಇಳಿದರು, ಮೊದಲು ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿದರು. ಆಮೇಲೆ ತಳ್ಳಿದರು.

2015ರಲ್ಲಿ ಕ್ಲಾರ್ಕ್‌ಸನ್ ‘ಟಾಪ್ ಗೇರ್’ನಿಂದ ಹೊರಬಿದ್ದ, ಇನ್ನಿಬ್ಬರೂ ಹೊರಟರು. ಮರುವರ್ಷ ಕ್ರಿಸ್ ಇವಾನ್ಸ್, ಮ್ಯಾಟ್ ಲೆಬ್ಲಾಂಕ್ ನಿರೂಪಕರಾಗಿ ಬಂದರು. ಟ್ರ್ಯಾಕ್ ಅದೇ, ನಗು ಮಾತ್ರ ಎಳೆದು ತಂದದ್ದು. ಉಪ್ಪಿಲ್ಲದ ಸಾರು. ಇವಾನ್ಸ್ ಒಂದೇ ಸರಣಿಗೆ ಬಿಟ್ಟುಹೋದ.

ಹಳೇ ಮೂವರು ಅಮೆಜಾನ್ ಪ್ರೈಮ್‌ಗೆ ಹೋಗಿ ‘ದಿ ಗ್ರ್ಯಾಂಡ್ ಟೂರ್’ ಅನ್ನೋ ಕಾರ್ಯಕ್ರಮ ಮಾಡಿದರು. 2024ರಲ್ಲಿ ಜಿಂಬಾಬ್ವೆಯಲ್ಲಿ ಅದರ ಕೊನೆಯ ಕಾರು ಪಯಣ. ಅದನ್ನು ಭಾವನ ಜೊತೆ ನೋಡಿದೆ. ಮುಗಿದಾಗ ಅವರು, ‘ಕಾಫಿ ಇದೆಯೇನೋ?’ ಅಂದರು. ಕಣ್ಣು ಒದ್ದೆಯಾಗಿತ್ತು, ನಾನು ಕೇಳಲಿಲ್ಲ.