ಖರೇ ಟ್ರಕ್ ಪಲ್ಟಿ ಹೊಡದ್ರ ಅದರ ಮಜಾನ ಬ್ಯಾರೆ

ಮೊನ್ನೆ ಆಯ್ತಾರ ಧಾರವಾಡದಿಂದ ಚಿಗರಿ ಬಸ್ ಹಿಡದು ಹುಬ್ಬಳ್ಳಿಗೆ ಹೋಗಿ ಒಂದು ಹೊಸಾ ಸೂಪರ್‌ಹೀರೋ ಸಿನಿಮಾ ನೋಡಿ ಬಂದೆ, ಭಾಳ ಬ್ಯಾಸರಾತು. ಕಡೀ ಅರ್ಧಾ ತಾಸು ಬರೇ ಗ್ರಾಫಿಕ್ಸು, ಆಕಾಶದಾಗ ಬೆಳಕು, ಬಿಲ್ಡಿಂಗ್ ಬೀಳೂದು, ಯಾರಿಗೆ ಪೆಟ್ಟಾತು ಯಾರು ಸತ್ರು ಒಂದೂ ಮನಸಿಗೆ ಹತ್ತಲಿಲ್ಲ.

ಅದಕ್ಕ ನಂಗ ಇವತ್ತಿಗೂ 2008ರ ಬ್ಯಾಟ್‌ಮ್ಯಾನ್ ಸಿನಿಮಾ ದಿ ಡಾರ್ಕ್ ನೈಟ್ ಅಂದ್ರ ಜೀವ. ಶಿಕಾಗೋದ ರೋಡಿನ್ಯಾಗ ಖರೇನ ಒಂದು ದೊಡ್ಡ ಟ್ರಕ್ ತಲಿಕೆಳಗ ಮಾಡಿ ಶೂಟ್ ಮಾಡ್ಯಾರ, ಅದರ ಭಾರ ಕಣ್ಣಿಗೆ ಕಾಣತೈತಿ ನೋಡ್ರಿ. ಜೋಕರ್ ಪಾತ್ರಕ್ಕ ಹೀತ್ ಲೆಜರ್‌ಗೆ ಸತ್ತ ಮ್ಯಾಲೆ ಆಸ್ಕರ್ ಬಂತು, ಬರಬೇಕಾದ್ದ ಅದು.

ಆದ್ರ ಎದಿಗೆ ತಾಗಿದ್ದು ಅಂದ್ರ 2004ರ ಸ್ಪೈಡರ್-ಮ್ಯಾನ್ 2. ಓಡೂ ಟ್ರೇನ್ ನಿಲ್ಸಾಕ ಹೀರೋ ಎರಡೂ ಕಡೆ ಜೇಡರ ಬಲಿ ಬಿಟ್ಟು ಎಳೀತಾನ, ಡ್ರೆಸ್ ಹರೀತೈತಿ, ಮುಖದ ಮ್ಯಾಲೆ ಮಾಸ್ಕ್ ಇಲ್ಲ, ಆಮ್ಯಾಲೆ ಎಚ್ಚರ ತಪ್ಪತಾನ, ಆಗ ಡಬ್ಬಿಯಾಗಿನ ಮಂದಿ ಅವನ್ನ ಕೈಮ್ಯಾಲೆ ಹೊತ್ತು ಒಳಗ ತಂದು ಮಲಗಸ್ತಾರ, ನೋಡಿದ್ರ ಇನ್ನೂ ಹುಡುಗ, ಅವರ ಮಕ್ಕಳ ವಯಸ್ಸಿನಾಂವ. ಎಷ್ಟ ಸಲ ನೋಡಿದ್ರೂ ಅಲ್ಲಿ ನಂಗ ಗಂಟಲು ಕಟ್ಟತೈತಿ.

2019ರ ಅವೆಂಜರ್ಸ್: ಎಂಡ್‌ಗೇಮ್ ಮೂರು ತಾಸಿನ ಸಿನಿಮಾ, ಆದ್ರೂ ಒಂದ ಸಲಾನೂ ಗಡಿಯಾರ ನೋಡಲಿಲ್ಲ, ಯಾಕಂದ್ರ 2008ರ ಐರನ್ ಮ್ಯಾನ್ ಸಿನಿಮಾದಿಂದ ಅದರ ಹೀರೋ ಟೋನಿ ಸ್ಟಾರ್ಕ್‌ನ ಜೋಡಿ ನಾವೂ ಬಂದೀವಿ. ನಮ್ಮ ಕೆಜಿಎಫ್‌ನ್ಯಾಗೂ ಹಂಗ, ಹೊಡದಾಟದ ಹಿಂದ ಅವ್ವಗ ಕೊಟ್ಟ ಮಾತೈತಿ. ಮುಂದಿನ ವಾರ ತಮ್ಮನ ಕೂಡ್ಸಿಕೊಂಡು ಸ್ಪೈಡರ್-ಮ್ಯಾನ್ 2 ಮತ್ತ ಹಚ್ಚಾಂವ ಅದೀನಿ, ಅಂವ ಇನ್ನೂ ನೋಡಿಲ್ಲ.