ಹಂಚಿನ ಶರಾವತಿ: ಮುಟ್ಟಿ ಓದುವ ನಕ್ಷೆ, ಐದನೇ ಪ್ರಯತ್ನ

ನಿನ್ನೆ ಸಂಜೆ ಕಣ್ಣು ಕಾಣದ ಹುಡುಗಿಯೊಬ್ಬಳ ಬೆರಳು ನಾವು ಹೊಲಿದ ನಕ್ಷೆಯ ಮೇಲೆ ಶರಾವತಿ ಹುಟ್ಟುವ ಅಂಬುತೀರ್ಥದಿಂದ ಹೊರಟು ಎಲ್ಲೂ ತಡೆಯದೆ ಹೊನ್ನಾವರದ ಸಮುದ್ರ ಸೇರಿತು. ನಾನು ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಒಂದೂವರೆ ತಿಂಗಳಿಂದ ಕಾಯುತ್ತಿದ್ದ ಗಳಿಗೆ ಅದು. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ಬರೆಯಲು ಕೂತಿದ್ದೇನೆ.

ನಕ್ಷೆಯ ತಳ, ತಾಲ್ಲೂಕು ಗಡಿ, ಬ್ರೈಲ್ (ಉಬ್ಬು ಚುಕ್ಕಿಯ ಲಿಪಿ) ಚೀಟಿ ಇವೆಲ್ಲ, ಇಂಥ ನಕ್ಷೆ ಮಾಡುವವರಾದರೆ, ನೀವೂ ಮಾಡುವ ಕೆಲಸವೇ, ಅಲ್ವಾ? ಬೇಗ ಹೇಳಿ ಮುಗಿಸುತ್ತೇನೆ. ತುಂಗಾ, ಭದ್ರಾ ಹುಟ್ಟುವ ಗಂಗಾಮೂಲದಿಂದ ಹೊನ್ನಾವರದವರೆಗೆ, ಒಂದೂವರೆ ಅಡಿ ಚೌಕ. ಒಂದು ಸೆಂ.ಮೀ.ಗೆ 4 ಕಿ.ಮೀ. ಶಿವಮೊಗ್ಗ ಜಿಲ್ಲೆಯ ಏಳೂ ತಾಲ್ಲೂಕಿನ ಗಡಿಗೆ ದಪ್ಪ ನೂಲಿನ ಚೈನ್ ಹೊಲಿಗೆ. ಸಮುದ್ರಕ್ಕೆ ಸ್ಯಾಟಿನ್, ಘಟ್ಟಕ್ಕೆ ಸ್ಯಾಂಡ್ ಪೇಪರ್. ಮೊದಲು ರಟ್ಟಿನ ಮೇಲೆ ಶುರು ಮಾಡಿದ್ದೆ. ಜೂನ್ ಕೊನೆಗೆ ಅದು ನೀರು ಕುಡಿದು ಹಪ್ಪಳದ ಹಾಗೆ ಸೊಟ್ಟಗಾಯಿತು. ಈಗ ಕ್ಯಾನ್ವಾಸ್ ಬಟ್ಟೆಯ ಮೇಲೆ ಎಲ್ಲ ಹೊಲಿದು, ಆಮೇಲೆ ಪ್ಲೈವುಡ್‌ಗೆ ಬಿಗಿಯುತ್ತೇವೆ. ಮಲೆನಾಡಿನಲ್ಲಿ ಈ ಕೆಲಸ ಮಾಡುವವರು ಮಳೆಗಾಲದಲ್ಲಿ ರಟ್ಟು ಮುಟ್ಟಬೇಡಿ.

ಹೆಸರುಗಳ ಬಗ್ಗೆ ಒಂದೇ ಮಾತು. ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗೆ ಕೂರುವುದಿಲ್ಲ. ಹಲಂತದ (ಅಕ್ಷರದ ‘ಅ’ಕಾರ ತೆಗೆಯುವ ಗುರುತಿನ) ಚುಕ್ಕಿ ಮುಂದೆ ಬಂದು ಎಲ್ಲವೂ ಸಾಲಾಗಿ ನಿಲ್ಲುತ್ತವೆ. ‘ತೀರ್ಥಹಳ್ಳಿ’ ಅಂತ ಪೂರ್ತಿ ಬರೆದರೆ ಹತ್ತು ಸೆಲ್ (ಆರು ಚುಕ್ಕಿಯ ಒಂದು ಮನೆಗೆ ಸೆಲ್ ಅನ್ನುತ್ತಾರೆ). ಒಂದೊಂದು ಸೆಲ್‌ಗೆ 6 ಮಿ.ಮೀ. ಹಿಡಿದರೂ 6 ಸೆಂ.ಮೀ. ಆಯಿತು. ಆ ತಾಲ್ಲೂಕಿನಲ್ಲಿ ನದಿಗೇ ಜಾಗ ಉಳಿಯುವುದಿಲ್ಲ. ಅದಕ್ಕೆ ನಕ್ಷೆಯ ಮೇಲೆ ಬರೀ ‘ತೀ’, ಎರಡೇ ಸೆಲ್. ಪೂರ್ತಿ ಹೆಸರು ಪಕ್ಕದ ಹಾಳೆಯಲ್ಲಿ.

ಆ ಹಾಳೆಯ ಕಥೆ ಹೇಳದಿದ್ದರೆ ಸಮಾಧಾನವಿಲ್ಲ. 140 ಜಿಎಸ್‌ಎಂ (ಚದರ ಮೀಟರಿಗೆ 140 ಗ್ರಾಂ ತೂಗುವ) ಕಾಗದ ಅಂತ ಸ್ಪಷ್ಟವಾಗಿ ಬರೆದು ದುಡ್ಡು ಕಳಿಸಿದ್ದೆ. ಬಂದದ್ದು ಅದರ ಅರ್ಧ ದಪ್ಪವೂ ಇಲ್ಲದ್ದು. ಮೊನೆ ಒತ್ತಿದರೆ ಚುಕ್ಕಿ ಏಳುವುದಿಲ್ಲ, ತೂತೇ ಬೀಳುತ್ತದೆ. ಫೋನ್ ಮಾಡಿದರೆ “ಬಿಳಿ ಕಾಗದ ಕೇಳಿದ್ರಿ, ಬಿಳಿ ಕಾಗದ ಕಳ್ಸಿದೀವಲ್ಲಾ” ಅಂದರು. ಎರಡನೇ ಸಲ ದಪ್ಪ ಸರಿ ಇತ್ತು, ಆದರೆ ಸುರುಳಿ ಸುತ್ತಿ ಕಳಿಸಿದ್ದರು. ಹತ್ತು ದಿನ ಹಾಸಿಗೆಯ ಕೆಳಗೆ ಇಟ್ಟು ಚಪ್ಪಟೆ ಮಾಡಿದೆ. ಬ್ರೈಲ್ ಕಾಗದ ಕೊಳ್ಳುವಾಗ ‘ಸುತ್ತಬೇಡಿ’ ಅಂತ ಎರಡು ಸಲ ಬರೆಯಿರಿ.

ಈಗ ನದಿಗೆ ಬರುತ್ತೇನೆ.

ಅವಳು ಒಂಬತ್ತನೇ ಕ್ಲಾಸು. ಮನೆ ಶರಾವತಿ ಹಿನ್ನೀರಿನ ಪಕ್ಕದ ಹಳ್ಳಿ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಊರಿನ ಬೇರೆ ಮಕ್ಕಳ ಜೊತೆ ಮಾಮೂಲಿ ಶಾಲೆಗೇ ಹೋಗುತ್ತಾಳೆ. ಮೊದಲ ದಿನ ದಾರದ ನದಿ ಅಂಟಿಸಿದ ನಕ್ಷೆ ಒಯ್ದು ಕೊಟ್ಟಿದ್ದೆ. ನಿಧಾನವಾಗಿ ಬೆರಳಾಡಿಸಿದಳು. ಆಮೇಲೆ ಕೇಳಿದಳು: “ಅಕ್ಕಾ, ಲಾಂಚಲ್ಲಿ ಕೂತಾಗ ನೀರು ನಿಂತಲ್ಲೇ ಇರೋದು. ಸದ್ದೇ ಇರ್ತಿರ್ಲಿಲ್ಲ. ಅದು ಹರಿಯುತ್ತಾ? ಯಾವ ಕಡೆ?”

ನನಗೆ ಮಾತೇ ಹೊರಡಲಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದದ್ದು. ಅವಳ ಅಜ್ಜನ ಕಾಲದ ಹೊಳೆಗೆ ಸದ್ದಿತ್ತು, ಸೆಳೆತವಿತ್ತು. ಅವಳಿಗೆ ಸಿಕ್ಕಿದ್ದು ನಿಂತ ನೀರು. ನಮಗಾದರೆ ನಕ್ಷೆಯ ಬದಿಗೆ ಒಂದು ಬಾಣ ಹಾಕಿದರೆ ಮುಗಿಯಿತು. ದಾರಕ್ಕೆ ದಿಕ್ಕಿಲ್ಲ. ಆ ತುದಿಯಿಂದ ಮುಟ್ಟಿದರೂ ಒಂದೇ, ಈ ತುದಿಯಿಂದ ಮುಟ್ಟಿದರೂ ಒಂದೇ.

ಇದು ಸಣ್ಣ ವಿಷಯ ಅಂತ ನನಗೆ ಯಾರೂ ಹೇಳಬೇಡಿ. ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಪರೀಕ್ಷೆಯಲ್ಲಿ ಕಣ್ಣು ಕಾಣದ ಮಕ್ಕಳಿಗೆ ನಕ್ಷೆಯ ಬದಲು ಬೇರೆ ಪ್ರಶ್ನೆ ಕೊಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಏರ್ಪಾಡು. ಆದರೆ ಪರೀಕ್ಷೆಗೆ ಬೇಡ ಅಂದ ಕೂಡಲೇ ಪಾಠಕ್ಕೂ ಬೇಡ ಆಗಿಬಿಡುತ್ತದೆ. ನಕ್ಷೆಯ ಪಾಠದ ದಿನ ಅವಳನ್ನು ಸುಮ್ನೆ ಕೂರಿಸುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕೆಯ ಸಾಮಾನು ಉಚಿತವಾಗಿ ಕೊಡಬೇಕು ಅಂತ ಇದೆ. ಶೇಕಡಾ 40ರಷ್ಟು ವೈಕಲ್ಯ ಇದ್ದರೆ ಸಾಕು. ಆ ಸಾಮಾನನ್ನು ಯಾರಾದರೂ ಕೂತು ಮಾಡಲೇಬೇಕಲ್ಲ. ಅದಕ್ಕೇ ಸಾಗರ ಪೇಟೆಯಲ್ಲಿ ನಾವು ನಾಲ್ಕು ಜನ ಭಾನುವಾರ ಕತ್ತರಿ, ಸೂಜಿ ಹಿಡಿದು ಕೂರುತ್ತೇವೆ. ತನ್ನ ಮನೆ ಮುಂದಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯುವುದು ಅವಳ ಹಕ್ಕು.

ಮೊದಲು ಫೆಲ್ಟ್ ಬಟ್ಟೆಯಲ್ಲಿ ಬಾಣದ ತಲೆ ಕತ್ತರಿಸಿ ನದಿಯ ಮೇಲೆ ಕೂರಿಸಿದೆ. ಬೆರಳಿಗೆ ಬಾಣ ಅಂದರೆ ಒಂದು ಗಂಟು ಅಷ್ಟೇ. “ಇಲ್ಲಿ ಯಾವ ಊರು ಅಕ್ಕಾ?” ಅಂತ ಕೇಳಿದಳು. ಆಮೇಲೆ ಮೂಲದಲ್ಲಿ ತೆಳು ನೂಲು, ಹೋಗ್ತಾ ಹೋಗ್ತಾ ದಪ್ಪ ಉಣ್ಣೆ. ನೋಡಲು ಬಹಳ ಚೆನ್ನಾಗಿತ್ತು. ಆದರೆ ನಿಧಾನವಾಗಿ ದಪ್ಪ ಆಗುವುದನ್ನು ಬೆರಳು ಹಿಡಿಯುವುದಿಲ್ಲ. ಈ ತುದಿ, ಆ ತುದಿ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಮಾತ್ರ ಗೊತ್ತಾಗುತ್ತದೆ.

ದಾರಿ ತೋರಿಸಿದ್ದು ಭತ್ತದ ಗರಿ. ಗದ್ದೆಯ ಬದುವಿನಲ್ಲಿ ಅವಳೇ ಒಂದು ಗರಿ ಕಿತ್ತು ಬೆರಳ ಮಧ್ಯೆ ಎಳೆದಳು. ಬುಡದಿಂದ ತುದಿಗೆ ಹೋದರೆ ನುಣುಪು. ತುದಿಯಿಂದ ಬುಡಕ್ಕೆ ಬಂದರೆ ಗರಗಸ. “ಹೀಗಿರಬೇಕು ಅಕ್ಕಾ ಹೊಳೆ” ಅಂದಳು. ಅದೇ ಸರಿ ಅಂತ ಗರಿಯನ್ನೇ ಒಣಗಿಸಿ ಅಂಟಿಸಿದೆ. ನಾಲ್ಕನೇ ದಿನಕ್ಕೆ ಬೂಷ್ಟು ಹಿಡಿಯಿತು. ಆದರೆ ಏನು ಬೇಕು ಅಂತ ಗೊತ್ತಾಗಿತ್ತು. ಇನ್ನು ಹೇಗೆ ಮಾಡುವುದು ಅನ್ನುವುದಷ್ಟೇ ಬಾಕಿ.

ಪುಷ್ಯ ಮಳೆಗೆ ನಮ್ಮ ಅಡುಗೆಮನೆ ಸೋರಿತು. ಬೇಸಿಗೆಯಲ್ಲೇ ಹಂಚು ಕೈಯಾಡಿಸಿದ್ದರೂ ಎರಡು ಹಂಚು ಒಡೆದಿದ್ದವು. ಹಂಚಿನ ಕೆಲಸದವರು ಬಂದು ಮೇಲೆ ಹತ್ತಿದರು. ನಾನು ಏಣಿ ಹಿಡಿದು ನಿಂತಿದ್ದೆ. ಸಣ್ಣ ಹನಿ ಬೀಳುತ್ತಿತ್ತು. ನೀರು ಒಂದು ಹಂಚಿನಿಂದ ಕೆಳಗಿನ ಹಂಚಿಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುತ್ತಿತ್ತು. ಎಲ್ಲೂ ತಡೆಯಿಲ್ಲ. ನಾಲ್ಕು ಮೆಟ್ಟಿಲು ಹತ್ತಿ ಕೈಯಿಟ್ಟು ನೋಡಿದೆ. ಮೇಲಿನಿಂದ ಕೆಳಕ್ಕೆ ಅಂಗೈ ಸಲೀಸಾಗಿ ಜಾರಿತು. ಕೆಳಗಿನಿಂದ ಮೇಲಕ್ಕೆ ಆಡಿಸಿದರೆ ಒಂದೊಂದು ಹಂಚಿನ ತುದಿಯೂ ಬೆರಳನ್ನು ತಡೆಯಿತು. ನದಿಯನ್ನು ಹಂಚಿನ ಹಾಗೆ ಹೊದೆಸಬೇಕು!

ಹಂಚಿಗೆ ಹಳೆಯ ಎಕ್ಸ್‌ರೇ ಫಿಲ್ಮ್ ಆರಿಸಿಕೊಂಡೆ. ತೆಳುವಾಗಿದ್ದರೂ ಗಟ್ಟಿ, ನೀರಿಗೆ ಹೆದರುವುದಿಲ್ಲ. ಈಗ ಬಹಳ ಕಡೆ ಕಂಪ್ಯೂಟರ್‌ನಲ್ಲೇ ಎಕ್ಸ್‌ರೇ ನೋಡುವುದರಿಂದ ಫಿಲ್ಮ್ ಸಿಗುವುದೇ ಕಷ್ಟ. ಗುಜರಿಯವರಿಗೆ ಅದರಲ್ಲಿ ಬೆಳ್ಳಿ ಇದೆ ಅಂತ ಗೊತ್ತು, ಸುಲಭಕ್ಕೆ ಕೊಡುವುದಿಲ್ಲ. ಕೊನೆಗೆ ನೆಂಟರ ಮನೆಗಳ ಬೀರು ಹುಡುಕಿ ಒಟ್ಟು ಮಾಡಿದೆ. ಹೆಸರಿರುವ ಮೂಲೆಯನ್ನು ಮೊದಲೇ ಕತ್ತರಿಸಿ ಒಲೆಗೆ ಹಾಕಿ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದರೆ ಕಪ್ಪು ಪದರ ಬಿಡುತ್ತದೆ.

5 ಮಿ.ಮೀ. ಅಗಲ, 8 ಮಿ.ಮೀ. ಉದ್ದದ ತುಂಡು. 3 ಮಿ.ಮೀ. ಒಂದರ ಕೆಳಗೆ ಒಂದು. ಶರಾವತಿ 128 ಕಿ.ಮೀ. ಅಂದರೆ ನಮ್ಮ ಅಳತೆಗೆ 32 ಸೆಂ.ಮೀ., ಒಟ್ಟು 64 ಹಂಚು. ಒಂದೊಂದರ ಮೂಲೆಯನ್ನೂ ಉಗುರು ಕಟರ್‌ನಿಂದ ದುಂಡಗೆ ಮಾಡಿ ಉಜ್ಜಬೇಕು. ಬ್ರೈಲ್ ಓದುವ ಮಗುವಿನ ಬೆರಳ ತುದಿಗೆ ಗೀರು ಬಿದ್ದರೆ ಅವಳ ಓದು ಒಂದು ವಾರ ನಿಂತ ಹಾಗೆ. ಬಿಳಿ ಅಂಟು ಫಿಲ್ಮಿಗೆ ಹಿಡಿಯಲಿಲ್ಲ. ಪಂಕ್ಚರ್ ಅಂಗಡಿಯ ಸಲ್ಯೂಷನ್ ಹಿಡಿಯಿತು, ಆದರೆ ಅಂಚಿನಲ್ಲಿ ಮುದ್ದೆಯಾಗಿ ಬೆರಳಿಗೆ ತೊಡಕು. ಅಂಟೇ ಬೇಡ ಅಂತ ಒಂದೊಂದನ್ನೂ ತಲೆಯ ಕಡೆ ಎರಡು ಹೊಲಿಗೆ ಹಾಕಿ ಕೂರಿಸಿದೆ. ಬಾಲಕ್ಕೆ ಹೊಲಿಗೆಯಿಲ್ಲ, ಅದು ಬಿಡಿಯಾಗಿದೆ.

ಮೂರು ಸಂಜೆ ಕೂತು ಅಂಬುತೀರ್ಥದಿಂದ ಹೊನ್ನಾವರಕ್ಕೆ ಹೊಲಿದುಕೊಂಡು ಹೋದೆ. ಭಾನುವಾರ ಅವಳ ಕೈಗೆ ಕೊಟ್ಟೆ. ಮೂಲದಿಂದ ಬೆರಳು ಹೊರಟಿತು, ಮೊದಲ ಹಂಚಿಗೇ ತಡೆಯಿತು. ಎರಡನೆಯದಕ್ಕೂ ತಡೆಯಿತು. ಸಮುದ್ರದ ಕಡೆಯಿಂದ ಆಡಿಸಿದಳು. ಬೆಣ್ಣೆಯ ಹಾಗೆ ಜಾರಿತು. ಅವಳು ಜೋರಾಗಿ ನಕ್ಕಳು: “ಅಕ್ಕಾ, ಈ ಹೊಳೆ ಘಟ್ಟ ಹತ್ತುತ್ತಾ ಇದೆ!”

ನನಗೆ ಅಳು ಬರುವುದೊಂದು ಬಾಕಿ. 64 ಹಂಚು, 128 ಹೊಲಿಗೆ, ಎಲ್ಲ ಉಲ್ಟಾ. ಕಾರಣ ಗೊತ್ತಾದದ್ದು ಹಂಚಿನ ಕೆಲಸದವರು ಕೂಲಿಗೆ ಬಂದಾಗ. ನಕ್ಷೆ ಕೈಯಲ್ಲಿ ಹಿಡಿದು ನೋಡಿದರು. “ಅಮ್ಮಾ, ಹಂಚು ಹೊದೆಸೋದು ಸೂರಿಂದ ಮೇಲಕ್ಕೆ. ಮೇಲಿಂದ ಶುರು ಮಾಡಿದ್ರೆ ಮನೆ ಒಳಗೇ ಮಳೆ” ಅಂದರು. ಹೌದಲ್ಲ! ಕೆಳಗಿನ ಹಂಚು ಮೊದಲು ಕೂರಬೇಕು, ಅದರ ತಲೆಯ ಮೇಲೆ ಮೇಲಿನದರ ಬಾಲ. ನದಿಯನ್ನು ಸಮುದ್ರದಿಂದ ಹೊಲಿಯಲು ಶುರು ಮಾಡಿ ಮೂಲದಲ್ಲಿ ಮುಗಿಸಬೇಕು. ಎಲ್ಲ ಬಿಚ್ಚಿದೆ. ಹೊನ್ನಾವರದಿಂದ ಗೇರುಸೊಪ್ಪೆ, ಜೋಗ, ಲಿಂಗನಮಕ್ಕಿ, ಅಲ್ಲಿಂದ ಅಂಬುತೀರ್ಥ. ನಿನ್ನೆಯದು ಇದೇ.

ಜೋಗದ ಹತ್ತಿರ ಅವಳ ಬೆರಳು ನಿಂತಿತು. ಅಲ್ಲಿ ಒಂದು ಮಣಿ ಹೊಲಿದಿದ್ದೆ. “ಎಷ್ಟು ಎತ್ತರ?” 253 ಮೀಟರ್ ಅಂದೆ. “ಅಂದ್ರೆ ಎಷ್ಟು?” ಅಂದಳು. ಮುಂದಿನ ಕೆಲಸ ಅದೇ, ಈಗಲೇ ತಲೆಯಲ್ಲಿ ಓಡುತ್ತಿದೆ. ಮೀಟರಿಗೆ ಒಂದು ಸೆಂ.ಮೀ. ಲೆಕ್ಕದಲ್ಲಿ ಅಟ್ಟದಿಂದ 253 ಸೆಂ.ಮೀ. ಹಗ್ಗ ಇಳಿಬಿಡುವುದು. ಬುಡಕ್ಕೆ ಒಂದೂವರೆ ಸೆಂ.ಮೀ.ನ ಹುಣಸೆ ಬೀಜ ಕಟ್ಟುವುದು. ಬೀಜ ಅವಳು, ಹಗ್ಗ ಜೋಗ. ಬೀಜ ಮುಟ್ಟಿ, ಆಮೇಲೆ ಹಗ್ಗ ಹಿಡಿದು ಮೇಲಕ್ಕೆ ಹೋಗುತ್ತಾ ಹೋದರೆ ಕೈ ಎಟುಕುವುದಿಲ್ಲ, ಸ್ಟೂಲ್ ಹತ್ತಬೇಕಾಗುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕಕ್ಕೂ ಬೇರೆ ಬೇರೆ ಹಗ್ಗ. ಒಂದು ನುಣುಪು, ಒಂದು ತೆಂಗಿನ ನಾರಿನದು. ಉಳಿದೆರಡು ಯೋಚಿಸಬೇಕು.

ಕೂಡ್ಲಿ ಇನ್ನೂ ಕೈಗೆ ಸಿಕ್ಕಿಲ್ಲ. ತುಂಗಾ, ಭದ್ರಾ ಎರಡರ ಹಂಚೂ ಸೇರುವಲ್ಲಿ ನಾಲ್ಕು ಪದರ ಆಗಿ ಉಬ್ಬುತ್ತದೆ, ಬೆರಳಿಗೆ ಮತ್ತೆ ಊರಿನ ಗುರುತಿನ ಹಾಗೆ. ಕವಣೆಯ ಆಕಾರದ ಒಂದೇ ತುಂಡು ಕತ್ತರಿಸಿ ಮೊದಲು ಕೂರಿಸಿ, ಅದರ ಎರಡು ತೋಳಿನ ಮೇಲೆ ಎರಡು ನದಿಯ ಕೊನೆಯ ಹಂಚು ಹಾಕಿದರೆ ಆಗಬಹುದು. ಯಾರಾದರೂ ಮಾಡಿದ್ದರೆ ತಿಳಿಸಿ.

ನಿನ್ನೆ ಹೊರಡುವ ಹೊತ್ತಿಗೆ ಅವಳು ಬಲಗೈ ಬೆರಳನ್ನು ವರದಾ ನದಿ ಹುಟ್ಟುವ ವರದಾಮೂಲದ ಮೇಲೆ, ಎಡಗೈ ಬೆರಳನ್ನು ಶರಾವತಿಯ ಮೇಲೆ ಇಟ್ಟಳು. ಎರಡನ್ನೂ ಒಟ್ಟಿಗೆ ಹರಿಯಬಿಟ್ಟಳು. ಎಡಗೈ ಸಮುದ್ರದ ಕಡೆ ಹೋಯಿತು. ಬಲಗೈ ಬನವಾಸಿಯ ಕಡೆ ಹೋಯಿತು. ಎರಡೂ ಕೈ ಅಗಲವಾದವು. “ಎರಡೂ ಸಾಗರ ತಾಲ್ಲೂಕಲ್ಲೇ ಇವೆ. ಮತ್ತೆ ಯಾಕೆ ಹೀಗೆ? ಮಧ್ಯ ಏನಿದೆ?” ಎಂದು ಕೇಳಿ ಆ ಜಾಗವನ್ನು ತಡವಿದಳು. ಅಲ್ಲಿದ್ದದ್ದು ಬರೀ ಸ್ಯಾಂಡ್ ಪೇಪರ್.

ರಾತ್ರಿಯೇ ಅದನ್ನು ಕಿತ್ತು ಹಾಕಿದೆ. ಅಲ್ಲಿ ಎತ್ತರ ಬೇಕು. ಹತ್ತಿ ತುಂಬಿ ಹೊಲಿಯುವುದೋ, ಅಡಕೆ ಹಾಳೆ ಮಡಚಿ ಏರು ಮಾಡುವುದೋ, ಭಾನುವಾರದೊಳಗೆ ನೋಡಬೇಕು.